ಐವತ್ತೆಂಟರವರೆಗೆ ಕಾಯಿರಿ ಎಂದ ಕಾಗದ

ಕಬ್ಬಾಳನ್ನು ಹಳೆಯ ದಾಖಲೆಗಳಲ್ಲಿ ಹುಡುಕಿದರೆ ಮೊದಲು ಸಿಗುವುದು ಸೆರೆಮನೆ. ಲೂಯಿಸ್ ರೈಸ್‌ನ ಮೈಸೂರು ಗೆಜೆಟಿಯರ್‌ನಲ್ಲಿ ಕಬ್ಬಾಳದುರ್ಗವೆಂದರೆ ಕಡಿದಾದ ಒಂಟಿ ಬೆಟ್ಟ, ಮೇಲೊಂದು ಕೋಟೆ, ಹಿಂದೂ ಮುಸಲ್ಮಾನ ದೊರೆಗಳಿಬ್ಬರ ಕಾಲದಲ್ಲೂ ಕೈದಿಗಳನ್ನು ಅಟ್ಟುತ್ತಿದ್ದ ಜಾಗ. 1734ರಲ್ಲಿ ದಳವಾಯಿಗಳು ಪಟ್ಟದಿಂದ ಇಳಿಸಿದ ಚಾಮರಾಜ ಒಡೆಯರನ್ನು ತಂದು ಇಟ್ಟದ್ದು ಇಲ್ಲೇ, ಅವರು ಕಣ್ಣು ಮುಚ್ಚಿದ್ದೂ ಇಲ್ಲೇ. ರಾಜನೊಬ್ಬ ಸೆರೆಯಾದದ್ದರಿಂದ ಊರಿಗೆ ಚರಿತ್ರೆಯಲ್ಲಿ ನಾಲ್ಕು ಸಾಲು ಸಿಕ್ಕಿವೆ. ಊರಿನಲ್ಲಿ ಬದುಕುವವರಿಗೆ ಅಷ್ಟೂ ಸಿಕ್ಕಿಲ್ಲ.

ಇಂದು ಕನಕಪುರ ತಾಲ್ಲೂಕಿನ ಸಾತನೂರು ಹೋಬಳಿಯ ಈ ಊರಿಗೆ ಜನ ಬರುವುದು ಕಬ್ಬಾಳಮ್ಮನ ದರ್ಶನಕ್ಕೆ. ಇಲ್ಲಿಂದಲೂ ಸುತ್ತಲಿನ ಹಳ್ಳಿಗಳಿಂದಲೂ ಹೊರಗೆ ಹೋಗುವವರ ದಾರಿ ಬೇರೆ. ರೇಷ್ಮೆ, ರಾಗಿ, ಹಸುವಿನ ಹಾಲು ಇವಿಷ್ಟರಲ್ಲಿ ಮನೆ ನಡೆಯದಾದಾಗ ಹೆಣ್ಣುಮಕ್ಕಳು ಕನಕಪುರ, ಹಾರೋಹಳ್ಳಿ, ರಾಮನಗರ, ಬಿಡದಿ, ಬೆಂಗಳೂರಿನ ಮೈಸೂರು ರಸ್ತೆ, ಹೀಗೆ ಸಿಕ್ಕ ಕಡೆ ಗಾರ್ಮೆಂಟ್ಸ್‌ಗೆ ಸೇರಿದರು. ಕೆಲವರು ವ್ಯಾನಿನಲ್ಲಿ ಓಡಾಡಿದರು, ಕೆಲವರು ಬೆಂಗಳೂರಿನಲ್ಲೇ ಒಂದು ಕೋಣೆ ಬಾಡಿಗೆ ಹಿಡಿದರು. ಹೆಲ್ಪರ್ ಆಗಿ ಸೇರಿ ಟೈಲರ್ ಆಗುವುದು, ಮೂರು ನಾಲ್ಕು ವರ್ಷಕ್ಕೆ ಬಿಡುವುದು, 'ಪಿಎಫ್ ಎತ್ತಿ' ಸಾಲ ತೀರಿಸುವುದು, ಮತ್ತೊಂದು ಫ್ಯಾಕ್ಟರಿ ಸೇರುವುದು: ಈ ಭಾಗದ ಎಷ್ಟೋ ಮನೆಗಳ ಆರ್ಥಿಕತೆ ಇಷ್ಟೇ.

ನಾನು ಬೆನ್ನು ಹತ್ತಿದ್ದು ಈ ಹೆಂಗಸರು ಮಿಷನ್ ನಿಲ್ಲಿಸಿ ಬೀದಿಗೆ ಬಂದ ಎರಡು ದಿನಗಳ ಕಾರಣವನ್ನು. 2016ರ ಏಪ್ರಿಲ್ 18, ಸೋಮವಾರ, ಬೆಂಗಳೂರಿನ ಬೊಮ್ಮನಹಳ್ಳಿಯಲ್ಲಿ ಶುರುವಾಗಿ ಹೊಸೂರು ರಸ್ತೆ ಗಂಟೆಗಟ್ಟಲೆ ನಿಂತುಹೋಯಿತು. ಮಾರನೆಯ ದಿನ ಪೀಣ್ಯ, ಜಾಲಹಳ್ಳಿ ಕ್ರಾಸ್, ತುಮಕೂರು ರಸ್ತೆ, ಮೈಸೂರು ರಸ್ತೆ ಎಲ್ಲ ಕಡೆಗೂ ಹರಡಿತು. ಬಸ್ಸುಗಳಿಗೆ ಬೆಂಕಿ ಬಿತ್ತು, ಹೆಬ್ಬಗೋಡಿ ಠಾಣೆಯ ಆವರಣದಲ್ಲಿ ನಿಲ್ಲಿಸಿದ್ದ ವಾಹನಗಳು ಸುಟ್ಟವು, ಪೊಲೀಸರು ಲಾಠಿ ಬೀಸಿದರು, ಅಶ್ರುವಾಯು ಸಿಡಿಸಿದರು. ಯಾವ ಸಂಘಟನೆಯೂ ಕರೆ ಕೊಟ್ಟಿರಲಿಲ್ಲ. ಕಾರ್ಮಿಕ ಸಂಘಗಳ ಮುಖಂಡರೂ ಸುದ್ದಿ ತಿಳಿದು ಓಡಿ ಬಂದವರೇ. 19ರ ಸಂಜೆಯ ಹೊತ್ತಿಗೆ ಕೇಂದ್ರ ಕಾರ್ಮಿಕ ಸಚಿವ ಬಂಡಾರು ದತ್ತಾತ್ರೇಯ, ಪಿಎಫ್ ಹಣ ತೆಗೆಯುವುದಕ್ಕೆ ಮಿತಿ ಹಾಕಿದ್ದ ಅಧಿಸೂಚನೆ ರದ್ದಾಯಿತೆಂದು ಸಾರಿದರು.

ಆ ದಿನಗಳ ಪತ್ರಿಕೆಗಳನ್ನು ಒಟ್ಟಿಗೆ ಇಟ್ಟುಕೊಂಡು ಓದಿದರೆ ಒಂದು ಮಾತು ಪದೇ ಪದೇ ಎದುರಾಗುತ್ತದೆ: ತಪ್ಪು ತಿಳಿವಳಿಕೆ. ಹೆಂಗಸರಿಗೆ ನಿಯಮ ಅರ್ಥವಾಗಿಲ್ಲ, ಯಾರೋ ಗಾಳಿಸುದ್ದಿ ಹಬ್ಬಿಸಿದ್ದಾರೆ, ಸರ್ಕಾರ ಅವರ ಮುಪ್ಪಿನ ಒಳಿತಿಗೇ ಮಾಡಿದ್ದು. ಈ ಮಾತನ್ನು ನಾನು ಹಾಗೆಯೇ ನಂಬಲು ಸಿದ್ಧನಿರಲಿಲ್ಲ. ತಿಂಗಳ ಕೊನೆಗೆ ಸಂಬಳದ ಚೀಟಿಯಲ್ಲಿ ಕಟಾವಾದ ಹತ್ತು ರೂಪಾಯಿಯನ್ನೂ ಪ್ರಶ್ನಿಸುವವರು ತಮ್ಮ ಪಿಎಫ್ ವಿಷಯದಲ್ಲಿ ಅಷ್ಟು ಸುಲಭವಾಗಿ ಎಡವುತ್ತಾರೆಯೇ? ಹಾಗಾಗಿ ಹುಡುಕಾಟ ಪತ್ರಿಕೆಗಳಿಂದ ಮೂಲ ಕಾಗದಕ್ಕೆ ಹೋಯಿತು.

ಮೂಲ ಕಾಗದವೆಂದರೆ 2016ರ ಫೆಬ್ರವರಿ 10ರ ಭಾರತ ಗೆಜೆಟ್ ಅಧಿಸೂಚನೆ, ಜಿ.ಎಸ್.ಆರ್. 158(ಇ). ಹಿಂದಿಯಲ್ಲಿದೆ, ಇಂಗ್ಲಿಷಿನಲ್ಲಿದೆ. 1952ರ ನೌಕರರ ಭವಿಷ್ಯ ನಿಧಿ ಯೋಜನೆಯ ಕೆಲವು ಕಂಡಿಕೆಗಳನ್ನು ತಿದ್ದುವ ಪುಟ್ಟ ಕಾಗದ ಅದು. ಅದುವರೆಗೆ ಕೆಲಸ ಬಿಟ್ಟು ಎರಡು ತಿಂಗಳು ಬೇರೆಲ್ಲೂ ಸೇರದಿದ್ದರೆ ಖಾತೆಯಲ್ಲಿದ್ದ ಪೂರ್ತಿ ಹಣ ತೆಗೆಯಬಹುದಿತ್ತು. ತಿದ್ದುಪಡಿಯ ಪ್ರಕಾರ ಎರಡು ತಿಂಗಳ ನಂತರ ಕೈಗೆ ಬರುವುದು ಸದಸ್ಯರ ಸ್ವಂತ ಪಾಲು ಮತ್ತು ಅದರ ಬಡ್ಡಿ ಮಾತ್ರ. ಮಾಲೀಕರು ಕಟ್ಟಿದ ಪಾಲು ನಿವೃತ್ತಿಯವರೆಗೆ ಅಲ್ಲೇ. ಯೋಜನೆಯಲ್ಲಿ 55 ಎಂದಿದ್ದ ನಿವೃತ್ತಿಯ ವಯಸ್ಸು 58 ಆಯಿತು. ಶೇ 90ರಷ್ಟು ಹಣವನ್ನು 54ಕ್ಕೆ ತೆಗೆಯಬಹುದಾಗಿದ್ದದ್ದು 57ಕ್ಕೆ ಹೋಯಿತು. ಮದುವೆ, ಬಸಿರು, ಬಾಣಂತನಕ್ಕೆಂದು ಕೆಲಸ ಬಿಡುವ ಹೆಣ್ಣುಮಕ್ಕಳಿಗೆ ಎರಡು ತಿಂಗಳ ಕಾಯುವಿಕೆಯಿಂದ ವಿನಾಯಿತಿ ಇತ್ತು. ಆದರೆ ಅವರಿಗೂ ಸಿಗುವುದು ಸ್ವಂತ ಪಾಲೇ.

ಮಾಲೀಕರ ಪಾಲು ಎಂದಾಗ ಅದು ಅರ್ಧ ಹಣವೆಂದು ಯಾರಿಗಾದರೂ ಅನ್ನಿಸುತ್ತದೆ. ಇಬ್ಬರೂ ಶೇ 12 ಕಟ್ಟುತ್ತಾರಲ್ಲ. ಈ ಪ್ರಶ್ನೆಗೆ ಉತ್ತರ ಗೆಜೆಟ್‌ನಲ್ಲಿಲ್ಲ, ಪಾಸ್‌ಬುಕ್‌ನಲ್ಲಿದೆ. ಗಾರ್ಮೆಂಟ್ಸ್ ಬಿಟ್ಟು ಊರಿಗೆ ಮರಳಿದವರ ಮನೆಗಳಲ್ಲಿ ಆ ಹಾಳೆಗಳು ರೇಷನ್ ಕಾರ್ಡಿನ ಜೊತೆ ಪ್ಲಾಸ್ಟಿಕ್ ಕವರಿನೊಳಗೆ ಇರುತ್ತವೆ. ಸೈಬರ್ ಸೆಂಟರಿನಲ್ಲಿ ದುಡ್ಡು ಕೊಟ್ಟು ತೆಗೆಸಿದ ಪ್ರಿಂಟು, ಮಡಿಕೆಯ ಗೆರೆಯಲ್ಲಿ ಅಂಕಿಗಳು ಮಾಸಿರುತ್ತವೆ. ಅದರಲ್ಲಿ ಹಣ ಜಮೆಯಾಗುವುದು ಮೂರು ಕಂಬಸಾಲುಗಳಲ್ಲಿ: ನೌಕರರ ಪಾಲು, ಮಾಲೀಕರ ಪಾಲು, ಪಿಂಚಣಿ ವಂತಿಗೆ.

ಆಗ ಗಾರ್ಮೆಂಟ್ಸ್‌ನಲ್ಲಿ ತಿಂಗಳ ಕೂಲಿ ಏಳು ಸಾವಿರದ ಆಸುಪಾಸು. ಲೆಕ್ಕಕ್ಕೆ ಸರಿಯಾಗಿ 7,000 ಎಂದಿಟ್ಟುಕೊಳ್ಳೋಣ. ನೌಕರಳ ಸಂಬಳದಿಂದ ಹಿಡಿಯುವುದು ಶೇ 12, ಅಂದರೆ 840 ರೂಪಾಯಿ. ಮಾಲೀಕರೂ 840 ಕಟ್ಟುತ್ತಾರೆ, ಆದರೆ ಅದರಲ್ಲಿ ಶೇ 8.33ರಷ್ಟು, 583 ರೂಪಾಯಿ, ನೇರವಾಗಿ ಪಿಂಚಣಿ ನಿಧಿಗೆ ಹೋಗುತ್ತದೆ. ಪಿಎಫ್ ಖಾತೆಗೆ ಉಳಿಯುವುದು ಶೇ 3.67, ಅಂದರೆ 257. ಫೆಬ್ರವರಿಯ ಕಾಗದ ತಡೆಹಿಡಿದದ್ದು ಈ 257ನ್ನು.

ನಾಲ್ಕು ವರ್ಷ ಇದೇ ಸಂಬಳಕ್ಕೆ ದುಡಿದವಳ ಖಾತೆಯಲ್ಲಿ, ಬಡ್ಡಿ ಬಿಟ್ಟು, ಅವಳ ಪಾಲು 40,320. ಮಾಲೀಕರ ಪಾಲು 12,336. ಸರ್ಕಾರದ ಕಡೆಯವರು 'ಇಷ್ಟಕ್ಕೇ ಇಷ್ಟೊಂದು ಗಲಾಟೆಯೆ' ಎಂದು ಕೇಳುವುದಾದರೆ ಕೇಳಬಹುದಾದ ಮೊತ್ತ ಅದು. ನಾನು ಬಹಳ ಹೊತ್ತು ನೋಡುತ್ತಾ ಕುಳಿತದ್ದೂ ಈ ಅಂಕಿಯನ್ನೇ. ಹನ್ನೆರಡು ಸಾವಿರದ ಮುನ್ನೂರು ಚಿಲ್ಲರೆ ಎಂದರೆ ಅವಳ ಸಂಬಳದಲ್ಲಿ ಎಷ್ಟು ದಿನದ್ದು? ಎರಡು ತಿಂಗಳಿಗೆ ತುಸು ಕಡಿಮೆ. ಪಿಎಫ್ ಎತ್ತಬೇಕಾದರೆ ಆಗ ಕೆಲಸವಿಲ್ಲದೆ ಕಾಯಬೇಕಾಗಿದ್ದ ಅವಧಿ ಎಷ್ಟು? ಅದೂ ಎರಡು ತಿಂಗಳು. ಕಾಯುವ ಆ ಎರಡು ತಿಂಗಳು ಅಂಗಡಿಯಲ್ಲಿ ಬರೆಸಿದ ಸಾಲ, ಸ್ತ್ರೀಶಕ್ತಿ ಸಂಘದ ಕಂತು, ಮನೆ ಬಾಡಿಗೆ ಎಲ್ಲವೂ ನಿಂತದ್ದು ಖಾತೆಯ ಇಷ್ಟು ಹಣದ ಭರವಸೆಯ ಮೇಲೆ. ಸರ್ಕಾರ ಕಾಯುವ ಷರತ್ತನ್ನು ಉಳಿಸಿಕೊಂಡು ಕಾದದ್ದಕ್ಕೆ ಸಿಗುತ್ತಿದ್ದ ಗಂಟನ್ನು ಕಿತ್ತುಕೊಂಡಿತು. ತಪ್ಪು ತಿಳಿವಳಿಕೆ ಎಂಬ ಮಾತು ನನ್ನ ಮಟ್ಟಿಗೆ ಬಿದ್ದುಹೋದದ್ದು ಇಲ್ಲಿ.

ಹಾಗಾದರೆ ಐವತ್ತೆಂಟು ಎಲ್ಲಿಂದ ಬಂತು? ಇದನ್ನು ಹುಡುಕಲು 1952ಕ್ಕೆ ಹೋಗಬೇಕು. 1951ರ ನವೆಂಬರಿನಲ್ಲಿ ಸುಗ್ರೀವಾಜ್ಞೆಯಾಗಿ ಬಂದು ಮರುವರ್ಷ ಕಾಯ್ದೆಯಾದ ಭವಿಷ್ಯ ನಿಧಿ ಮೊದಲಿಗೆ ಅನ್ವಯಿಸಿದ್ದು ಆರೇ ಉದ್ಯಮಗಳಿಗೆ: ಸಿಮೆಂಟ್, ಸಿಗರೇಟು, ಎಂಜಿನಿಯರಿಂಗ್, ಕಬ್ಬಿಣ ಮತ್ತು ಉಕ್ಕು, ಕಾಗದ, ಜವಳಿ. ಜವಳಿ ಎಂದರೆ ಅಂದು ಬೆಂಗಳೂರಿನ ಬಿನ್ನಿ ಮಿಲ್, ಮಿನರ್ವಾ ಮಿಲ್‌ನಂಥ ದೊಡ್ಡ ಗಿರಣಿಗಳು. ಗಿರಣಿಗೆ ಹುಡುಗನಾಗಿ ಸೇರಿ, ಕಾಯಂ ಆಗಿ, ಅಲ್ಲೇ ಮುದುಕನಾಗಿ ಹೊರಬರುವ ಗಂಡಸು ಆ ಕಾಯ್ದೆ ಬರೆದವರ ಕಣ್ಣ ಮುಂದಿದ್ದ. ಅಂಥವನಿಗೆ ನಿವೃತ್ತಿಯೆಂಬ ಒಂದು ದಿನ ಇರುತ್ತದೆ, ಅದಕ್ಕೊಂದು ವಯಸ್ಸು ಇರುತ್ತದೆ. 1995ರಲ್ಲಿ ಪಿಂಚಣಿ ಯೋಜನೆ ಬಂದಾಗ ಆ ವಯಸ್ಸು 58 ಎಂದಾಯಿತು. 2016ರಲ್ಲಿ ಪಿಎಫ್ ನಿಯಮವನ್ನು ಅದಕ್ಕೆ ಹೊಂದಿಸಿದರು. ಕಡತದ ದೃಷ್ಟಿಯಿಂದ ಅಚ್ಚುಕಟ್ಟು.

ಗಾರ್ಮೆಂಟ್ಸ್ ಅಂಥ ಕೆಲಸವಲ್ಲ. ಗಂಟೆಗಿಷ್ಟು ಪೀಸ್ ಎಂಬ ಟಾರ್ಗೆಟ್ ಮುಟ್ಟಿಸಲು ಕಣ್ಣು, ಬೆನ್ನು, ಕುತ್ತಿಗೆ ಸರಿಯಿರಬೇಕು. ನಲವತ್ತು ದಾಟಿದವರು ಬ್ಯಾಚಿನಲ್ಲಿ ಉಳಿಯುವುದೇ ಕಷ್ಟ. ಐದು ವರ್ಷ ತುಂಬಿದರೆ ಗ್ರಾಚ್ಯುಟಿ ಕೊಡಬೇಕಾಗುತ್ತದೆಂದು ಅದಕ್ಕೆ ಮೊದಲೇ ಬಿಡಿಸುತ್ತಾರೆಂಬುದು ಕಾರ್ಮಿಕ ಸಂಘಟನೆಗಳ ಬಹುಕಾಲದ ದೂರು. ಬಿಡಿಸದಿದ್ದರೂ ಮನೆಯಲ್ಲಿ ಕಾಯಿಲೆ, ಹೆರಿಗೆ, ಮದುವೆ ಎಂದು ಬಿಡಲೇಬೇಕಾಗುತ್ತದೆ. ಇಪ್ಪತ್ತೆಂಟಕ್ಕೆ ಕೆಲಸ ಬಿಟ್ಟವಳಿಗೆ ಮಾಲೀಕರ ಪಾಲು ಮೂವತ್ತು ವರ್ಷದ ನಂತರ ಸಿಗುತ್ತದೆ ಎಂದು ಹೇಳಿದ ಕಾಗದವನ್ನು ಅವಳು ಯಾವ ಭಾವದಿಂದ ಸ್ವೀಕರಿಸಬೇಕಿತ್ತು?

ಇಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಅಧಿಸೂಚನೆ ಬಂದು ರದ್ದಾಗುವವರೆಗಿನ ಹತ್ತು ವಾರಗಳ ಬೇರೆ ಕಾಗದಗಳನ್ನು ಪಕ್ಕದಲ್ಲಿ ಇಟ್ಟಾಗ ಸಿಟ್ಟಿನ ಇನ್ನೊಂದು ಬೇರು ಕಾಣಿಸಿತು.

ಫೆಬ್ರವರಿ 29ರಂದು ಆಗಿನ ಹಣಕಾಸು ಸಚಿವ ಅರುಣ್ ಜೇಟ್ಲಿ ಮಂಡಿಸಿದ ಬಜೆಟ್, ಏಪ್ರಿಲ್ 1ರಿಂದ ಕಟ್ಟುವ ಪಿಎಫ್ ಹಣವನ್ನು ಮುಂದೆ ತೆಗೆಯುವಾಗ ಅದರ ಶೇ 60ಕ್ಕೆ ತೆರಿಗೆ ಎಂದಿತು. ದೇಶದ ಮಧ್ಯಮ ವರ್ಗ ಕುದಿಯಿತು. ಸರ್ಕಾರ ಸ್ಪಷ್ಟನೆ ಕೊಟ್ಟಿತು: ತಿಂಗಳಿಗೆ 15,000 ರೂಪಾಯಿಯ ಮಿತಿಯೊಳಗಿರುವ ಸುಮಾರು 3 ಕೋಟಿ ಸದಸ್ಯರಿಗೆ ಇದು ತಾಗುವುದಿಲ್ಲ, ಹೆಚ್ಚು ಸಂಬಳದವರಿಗೆ ಮಾತ್ರ. ಮಾರ್ಚ್ 8ರಂದು ಪ್ರಸ್ತಾವವನ್ನೇ ಹಿಂತೆಗೆದುಕೊಂಡಿತು. ಆ ಮಾರ್ಚಿನ ಪತ್ರಿಕೆಗಳ ತುಂಬ ಈ ತೆರಿಗೆಯದೇ ಚರ್ಚೆ. ತೆರಿಗೆಗಿಂತ ಸುಮಾರು ಮೂರು ವಾರ ಮೊದಲೇ ಬಂದಿದ್ದ, 15,000ದ ಒಳಗಿನವರಿಗೇ ಹೆಚ್ಚು ತಾಗುವ ಫೆಬ್ರವರಿ 10ರ ಅಧಿಸೂಚನೆಗೆ ಆ ಗದ್ದಲದಲ್ಲಿ ಸಿಕ್ಕ ಗಮನ ಬಹಳ ಕಡಿಮೆ. ಹೆಚ್ಚು ಸಂಬಳದವರ ದೂರು ಸ್ಟುಡಿಯೋಗಳಲ್ಲಿ ಚರ್ಚೆಯಾಗಿ ಎಂಟೇ ದಿನಕ್ಕೆ ಇತ್ಯರ್ಥವಾಯಿತು. ಕಡಿಮೆ ಸಂಬಳದವರದು ಲಾಠಿ ತಿಂದು ಇತ್ಯರ್ಥವಾಯಿತು. ಇದನ್ನು ಬರೆಯುವಾಗ ನನಗೆ ಈಗಲೂ ಬೇಸರವಾಗುತ್ತದೆ.

ಇನ್ನೊಂದು ಕಾಗದ ಮಾರ್ಚಿನದೇ. ವಾರಸುದಾರರಿಲ್ಲದೆ ವರ್ಷಗಟ್ಟಲೆ ಬಿದ್ದಿರುವ ಸಣ್ಣ ಉಳಿತಾಯ, ಪಿಪಿಎಫ್, ಇಪಿಎಫ್ ಹಣವನ್ನು ಹಿರಿಯ ನಾಗರಿಕರ ಕಲ್ಯಾಣ ನಿಧಿಗೆ ವರ್ಗಾಯಿಸುವ ನಿಯಮಗಳು 2016ರ ಮಾರ್ಚಿನಲ್ಲಿ ಪ್ರಕಟವಾದವು. ಇದಕ್ಕೆ ದಾರಿ ಮಾಡಿದ್ದು ಹಿಂದಿನ ವರ್ಷದ ಹಣಕಾಸು ಕಾಯ್ದೆ. ನಿಷ್ಕ್ರಿಯ ಪಿಎಫ್ ಖಾತೆಗಳಲ್ಲಿ ಸಾವಿರಾರು ಕೋಟಿ ರೂಪಾಯಿ ಕೊಳೆಯುತ್ತಿದೆಯೆಂಬ ಸುದ್ದಿಯೂ ಆಗ ಓಡಾಡುತ್ತಿತ್ತು. ಆ ನಿಷ್ಕ್ರಿಯ ಖಾತೆಗಳಲ್ಲಿ ಊರೂರು ಬದಲಿಸುವ ಕೂಲಿಕಾರರದ್ದೂ ಇವೆ: ಫ್ಯಾಕ್ಟರಿ ಮುಚ್ಚಿದ್ದು, ಹೆಸರಿನ ಕಾಗುಣಿತ ಆಧಾರ್‌ಗೆ ಹೊಂದದ್ದು, ತಂದೆಯ ಹೆಸರಿದ್ದಲ್ಲಿ ಗಂಡನ ಹೆಸರು ಬಂದದ್ದು. ಅದಕ್ಕೂ ಮೊದಲು, 2015ರ ಆಗಸ್ಟಿನಿಂದ, ಪಿಎಫ್‌ನ ಹೊಸ ಜಮೆಯ ಶೇ 5ನ್ನು ಷೇರುಪೇಟೆಯ ಇಟಿಎಫ್‌ಗಳಲ್ಲಿ ತೊಡಗಿಸಲು ಶುರುಮಾಡಿದ್ದರು. ಉಳಿದ ಹಣದ ದೊಡ್ಡ ಪಾಲು ಸರ್ಕಾರಿ ಸಾಲಪತ್ರಗಳಲ್ಲಿ. ಅಂದರೆ ಕಬ್ಬಾಳಿನ ಟೈಲರ್ ಬಿಟ್ಟುಹೋದ 257 ರೂಪಾಯಿ ಮೂವತ್ತು ವರ್ಷ ಸುಮ್ಮನೆ ಕೂತಿರುವುದಿಲ್ಲ, ಸರ್ಕಾರಕ್ಕೆ ಸಾಲವಾಗಿ ದುಡಿಯುತ್ತಿರುತ್ತದೆ. ಪ್ರತಿಯೊಂದು ಕಾಗದಕ್ಕೂ ಅದರದೇ ಸಮರ್ಥನೆ ಇದೆ, ಕೆಲವು ಒಪ್ಪುವಂಥವೂ ಹೌದು. ಒಂದರ ಹಿಂದೆ ಒಂದು ಬಂದಾಗ ಕಾರ್ಮಿಕರಿಗೆ ಅನ್ನಿಸಿದ್ದು ಒಂದೇ: ಸರ್ಕಾರದ ಕಣ್ಣು ನಮ್ಮ ದುಡ್ಡಿನ ಮೇಲೆ ಬಿದ್ದಿದೆ.

ಮುಪ್ಪಿಗೆಂದು ಜನರ ಹಣವನ್ನು ಹಿಡಿದಿಡುವ ಸರ್ಕಾರ ಅವರ ಮುಪ್ಪಿಗೆ ತಾನು ಎಷ್ಟು ಖರ್ಚು ಮಾಡುತ್ತದೆ? ಪಾಸ್‌ಬುಕ್‌ನ ಮೂರನೆಯ ಕಂಬಸಾಲಿನ ಬೆನ್ನು ಹತ್ತಿದರೆ ಇದೂ ಸಿಗುತ್ತದೆ. ಪಿಂಚಣಿ ನಿಧಿಗೆ ಕೇಂದ್ರದ ವಂತಿಗೆ ಸಂಬಳದ ಶೇ 1.16. ನಮ್ಮ 7,000ದ ಲೆಕ್ಕದಲ್ಲಿ ತಿಂಗಳಿಗೆ 81 ರೂಪಾಯಿ. ಪಿಂಚಣಿ ಸಿಗಬೇಕಾದರೆ ಹತ್ತು ವರ್ಷದ ಸೇವೆ ಬೇಕು. ಸೂತ್ರ ಸರಳ: ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. ಹತ್ತು ವರ್ಷ ದುಡಿದವಳಿಗೆ 58ರ ನಂತರ ತಿಂಗಳಿಗೆ ಸರಿಯಾಗಿ ಸಾವಿರ ರೂಪಾಯಿ. 2014ರ ಸೆಪ್ಟೆಂಬರಿನಲ್ಲಿ ನಿಗದಿಯಾದ ಕನಿಷ್ಠ ಪಿಂಚಣಿಯೂ ಸಾವಿರವೇ. ಭಗತ್ ಸಿಂಗ್ ಕೋಶಿಯಾರಿ ಅಧ್ಯಕ್ಷತೆಯ ರಾಜ್ಯಸಭಾ ಸಮಿತಿ ಅದಕ್ಕೆ ಒಂದು ವರ್ಷ ಮುಂಚೆಯೇ ಕನಿಷ್ಠ 3,000 ಕೊಡಿ ಎಂದಿತ್ತು. 1995ರ ಆ ಪಿಂಚಣಿ ಯೋಜನೆಯ (ಇಪಿಎಸ್-95) ಪಿಂಚಣಿದಾರರು 7,500ಕ್ಕಾಗಿ ವರ್ಷಗಳಿಂದ ಧರಣಿ ಕೂರುತ್ತಿದ್ದಾರೆ. ಸಾವಿರ ಸಾವಿರವಾಗಿಯೇ ಉಳಿದಿದೆ.

ಬಡ ವೃದ್ಧರಿಗೆ ಕೊಡುವ ಪಿಂಚಣಿಯಲ್ಲಿ, 60ರಿಂದ 79ರವರಿಗೆ, ಕೇಂದ್ರದ ಪಾಲು ತಿಂಗಳಿಗೆ 200 ರೂಪಾಯಿ. ಕರ್ನಾಟಕದ ಸಂಧ್ಯಾ ಸುರಕ್ಷಾ 65 ದಾಟಿದವರಿಗೆ 1,200 ಕೊಡುತ್ತದೆ. 2023ರ ಆಗಸ್ಟಿನಿಂದ ಗೃಹಲಕ್ಷ್ಮಿಯ 2,000 ಮನೆಯೊಡತಿಯ ಖಾತೆಗೆ ಬರುತ್ತಿದೆ. ಗೃಹಲಕ್ಷ್ಮಿಯ ಬಗ್ಗೆ ನನ್ನ ತಕರಾರಿಲ್ಲ, ಹಳ್ಳಿಯ ಹೆಂಗಸಿನ ಕೈಯಲ್ಲಿ ಅದು ಮಾಡಿರುವ ವ್ಯತ್ಯಾಸವನ್ನು ಕಂಡಿದ್ದೇನೆ. ಆದರೆ ಹತ್ತು ವರ್ಷ ತಿಂಗಳು ತಪ್ಪದೆ ನಿಧಿಗೆ ಹಣ ಹೋದವಳಿಗೆ ಸಿಗುವ ಪಿಂಚಣಿ, ಏನೂ ಕಟ್ಟದೆ ಸಿಗುವ ಈ ಮೊತ್ತದ ಅರ್ಧ. ಸರ್ಕಾರವೇ ಹಣ ಹಾಕಲು ಮನಸ್ಸು ಮಾಡದ ಮುಪ್ಪಿಗಾಗಿ ಅವಳ ಹನ್ನೆರಡು ಸಾವಿರವನ್ನು ಹಿಡಿದಿಡುವ ಅಧಿಕಾರ ಎಲ್ಲಿಂದ ಬಂತು ಎಂಬುದು ಆ ಏಪ್ರಿಲ್‌ನಲ್ಲಿ ರಸ್ತೆಯ ಮೇಲಿದ್ದ ಪ್ರಶ್ನೆ. ನನ್ನ ಪ್ರಕಾರ ಅದು ನ್ಯಾಯವಾದ ಪ್ರಶ್ನೆ.

ಅಧಿಸೂಚನೆ ಬಿದ್ದುಹೋದ ರೀತಿಯೂ ದಾಖಲೆಯಲ್ಲಿದೆ. ಮೊದಲು ಏಪ್ರಿಲ್ 30ರವರೆಗೆ ಜಾರಿ ಬೇಡವೆಂದರು. 18ರಂದು ರಸ್ತೆ ಬಂದ್ ಆದಾಗ ಸಡಿಲಿಕೆ ಪ್ರಕಟವಾಯಿತು: ಮನೆ ಕಟ್ಟಲು, ಗಂಭೀರ ಕಾಯಿಲೆಗೆ, ಮಕ್ಕಳ ಮದುವೆಗೆ, ಮಕ್ಕಳ ವೈದ್ಯಕೀಯ, ದಂತವೈದ್ಯಕೀಯ, ಎಂಜಿನಿಯರಿಂಗ್ ಓದಿಗೆ ಪೂರ್ತಿ ಹಣ ತೆಗೆಯಬಹುದು. ಈ ಪಟ್ಟಿಯನ್ನು ಬರೆದವರು ಯಾರ ಮನೆಯನ್ನು ನೆನೆದು ಬರೆದರೋ. ಗಾರ್ಮೆಂಟ್ಸ್ ತಾಯಂದಿರು ಪಿಎಫ್ ಎತ್ತುವುದು ಹೈಸ್ಕೂಲಿನ ಫೀಸಿಗೆ, ಐಟಿಐಗೆ, ಅಡವಿಟ್ಟ ಓಲೆ ಬಿಡಿಸುವುದಕ್ಕೆ. 19ರಂದು ಜುಲೈ 31ರವರೆಗೆ ತಡೆ ಎಂದರು, ಅದಾದ ಕೆಲವೇ ಗಂಟೆಗಳಲ್ಲಿ ರದ್ದು. ವಾರ ಕಳೆಯುವುದರೊಳಗೆ ಹಣಕಾಸು ಸಚಿವಾಲಯ 2015–16ರ ಪಿಎಫ್ ಬಡ್ಡಿಯನ್ನು ನಿಧಿಯ ಟ್ರಸ್ಟಿಗಳ ಮಂಡಳಿ ಹೇಳಿದ್ದ ಶೇ 8.8ರಿಂದ 8.7ಕ್ಕೆ ಇಳಿಸಿ, ವಿರೋಧ ಬಂದು, ಏಪ್ರಿಲ್ 29ರಂದು 8.8ಕ್ಕೇ ಮರಳಿತು. ಎರಡು ತಿಂಗಳಲ್ಲಿ ಒಂದೇ ನಿಧಿಯ ವಿಷಯದಲ್ಲಿ ಮೂರು ಬಾರಿ ಹಿಂದೆ ಸರಿದ ಸರ್ಕಾರ, ಒಂದು ಬಾರಿಯೂ ಮೊದಲು ಆ ಹಣದ ಒಡತಿಯರನ್ನು ಕೇಳಿರಲಿಲ್ಲ.

ಇದೆಲ್ಲ ಮುಗಿದ ಕಥೆಯೆಂದು ನಾನು ಕಡತ ಕಟ್ಟಿಡುವ ಹೊತ್ತಿಗೆ ಹೊಸ ಕಾಗದ ಬಂತು. 2025ರ ಅಕ್ಟೋಬರ್ 13ರಂದು ನವದೆಹಲಿಯಲ್ಲಿ ಸೇರಿದ ಕೇಂದ್ರೀಯ ಟ್ರಸ್ಟಿಗಳ ಮಂಡಳಿಯ 238ನೇ ಸಭೆಯ ತೀರ್ಮಾನಗಳು. ಭಾಗಶಃ ಹಣ ತೆಗೆಯುವ 13 ನಿಯಮಗಳನ್ನು ಸೇರಿಸಿ ಮೂರು ಗುಂಪು ಮಾಡಿದ್ದಾರೆ, ಮಾಲೀಕರ ಪಾಲನ್ನೂ ತೆಗೆಯಬಹುದು ಎಂದಿದ್ದಾರೆ, ಕೆಲಸ ಹೋದರೆ ಮುಕ್ಕಾಲು ಪಾಲು ಕೂಡಲೇ ಸಿಗುತ್ತದೆ ಎಂದಿದ್ದಾರೆ. ಇವು ಒಳ್ಳೆಯ ಬದಲಾವಣೆಗಳೇ, 2016ರ ಕಾಗದಕ್ಕಿಂತ ಎಷ್ಟೋ ವಾಸಿ. ಜೊತೆಗೆ, ಖಾತೆಯ ಶೇ 25 ಕನಿಷ್ಠ ಶಿಲ್ಕಾಗಿ ಉಳಿಯಬೇಕು. ಪೂರ್ತಿ ಇತ್ಯರ್ಥಕ್ಕೆ ಎರಡು ತಿಂಗಳ ಬದಲು ಹನ್ನೆರಡು ತಿಂಗಳು ಕಾಯಬೇಕು. ಪಿಂಚಣಿ ಹಣ ತೆಗೆಯಲು ಎರಡು ತಿಂಗಳಿದ್ದದ್ದು ಮೂವತ್ತಾರು ತಿಂಗಳು.

ಇದಕ್ಕೆ ಸರ್ಕಾರ ಕೊಟ್ಟ ಕಾರಣಗಳಲ್ಲಿ ಒಂದು: ಅಂತಿಮ ಇತ್ಯರ್ಥದ ಹೊತ್ತಿಗೆ ಅರ್ಧದಷ್ಟು ಸದಸ್ಯರ ಖಾತೆಯಲ್ಲಿ 20,000 ರೂಪಾಯಿಗಿಂತ ಕಡಿಮೆ ಇರುತ್ತದೆ, ಪದೇ ಪದೇ ತೆಗೆಯುವುದರಿಂದ ಮುಪ್ಪಿಗೆ ಏನೂ ಉಳಿಯುತ್ತಿಲ್ಲ. ಅಂಕಿ ನಿಜ. ತೆಗೆದದ್ದರಿಂದ ಕಡಿಮೆಯಾಯಿತೆಂದು ಸರ್ಕಾರ ಓದುತ್ತದೆ. ತಿಂಗಳಿಗೆ 840 ಮತ್ತು 257 ಜಮೆಯಾಗುವ ಪಾಸ್‌ಬುಕ್ ನೋಡಿದ ನನಗೆ ಅದರಲ್ಲಿ ಕಾಣುವುದು ಕೂಲಿಯ ಅಳತೆ.

ಹಳೆಯ ಲೆಕ್ಕದ ಹಾಳೆ ಪಕ್ಕದಲ್ಲೇ ಇತ್ತು. ನಾಲ್ಕು ವರ್ಷ ದುಡಿದವಳ 40,320 ಮತ್ತು 12,336 ಸೇರಿ ಒಟ್ಟು 52,656. ಅದರ ಶೇ 25 ಎಷ್ಟೆಂದು ನೋಡಿದೆ: 13,164. ಅಂದು 58ರವರೆಗೆ ತಡೆಹಿಡಿಯಲು ಹೊರಟದ್ದು 12,336, ಇಂದು ಒಂದು ವರ್ಷ ತಡೆಹಿಡಿಯುವುದು 13,164. ಅವಧಿ ಕಡಿಮೆಯಾಗಿದೆ, ಮೊತ್ತ ಎಂಟುನೂರು ಚಿಲ್ಲರೆ ಹೆಚ್ಚಿದೆ.